ಸಾಲ್ಮನ್ ರಿವರ್‌ನಲ್ಲಿ ಗೈಡ್ ಜೊತೆ ಗಾಳ: ತಿಂಗಳು ಆರಿಸುವುದರಿಂದ ಮೀನು ಬಿಡುವವರೆಗೆ

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರುವ ನಮ್ಮವರು ಅಕ್ಟೋಬರ್ ಬಂದರೆ ಎಲೆಗಳ ಬಣ್ಣ ನೋಡಲು ಕಾರು ಹತ್ತುತ್ತಾರೆ. ಅದೇ ಹೊತ್ತಿಗೆ ಒಂಟಾರಿಯೋ ಸರೋವರದಿಂದ ಹತ್ತು ಕಿಲೋ ತೂಗುವ ಮೀನುಗಳು ಒಂದು ಸಣ್ಣ ನದಿಗೆ ನುಗ್ಗುತ್ತಿರುತ್ತವೆ. ನದಿಯ ಹೆಸರೇ ಸಾಲ್ಮನ್ ರಿವರ್. ಸಿರಾಕ್ಯೂಸ್‌ನಿಂದ ಉತ್ತರಕ್ಕೆ ಹೆದ್ದಾರಿ 81ರಲ್ಲಿ ಮುಕ್ಕಾಲು ಗಂಟೆ ಹೋದರೆ ಪುಲಾಸ್ಕಿ ಊರು, ಅದರ ಮೇಲ್ಗಡೆ ಆಲ್ಟ್‌ಮಾರ್. ಇವೆರಡರ ನಡುವಿನ ನೀರಿಗೆ ದೇಶದ ಮೂಲೆಮೂಲೆಯಿಂದ ಜನ ಗಾಳ ಹಿಡಿದು ಬರುತ್ತಾರೆ.

ಊರಲ್ಲಿ ಹೊಳೆಗೆ ಗಾಳ ಹಾಕಿ ಬೆಳೆದವರು ಇಲ್ಲೂ ಒಂದು ಕೋಲು ಕೊಂಡು ಸೀದಾ ನೀರಿಗೆ ಇಳಿಯಬಹುದು. ಆದರೆ ಮೊದಲ ಸಲಕ್ಕೆ ಗೈಡ್ ಇರಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಮೀನು ಎಲ್ಲಿದೆ ಅನ್ನುವುದು ವಾರ ವಾರಕ್ಕೂ ಬದಲಾಗುತ್ತದೆ. ನೀರಿನ ಮಟ್ಟ ಗಂಟೆಗಳಲ್ಲಿ ಬದಲಾಗಬಹುದು. ಕಾನೂನೂ ಸಾಕಷ್ಟಿದೆ. ಸೀಸನ್ ಪೂರ್ತಿ ಅದೇ ನೀರಿನಲ್ಲಿ ಇರುವವರ ಜೊತೆ ಒಂದು ದಿನ ಕಳೆದರೆ, ಒಬ್ಬರೇ ಎರಡು ವರ್ಷ ಪರದಾಡಿ ಕಲಿಯುವುದು ಸಂಜೆಯೊಳಗೆ ಅರ್ಧಕ್ಕರ್ಧ ಅರ್ಥವಾಗುತ್ತದೆ.

ಈ ಮೀನುಗಳು ಇಲ್ಲಿಗೆ ಬಂದದ್ದು ಹೇಗೆ

ಒಂಟಾರಿಯೋ ಸರೋವರದ ಮೂಲ ನಿವಾಸಿ ಅಟ್ಲಾಂಟಿಕ್ ಸಾಲ್ಮನ್. ಗಿರಣಿಗಳಿಗೆ ಕಟ್ಟಿದ ಒಡ್ಡುಗಳು, ಕಾಡು ಕಡಿತ, ಮಿತಿಮೀರಿದ ಬೇಟೆ ಸೇರಿ 19ನೇ ಶತಮಾನ ಮುಗಿಯುವ ಹೊತ್ತಿಗೆ ಅದು ಇಲ್ಲವಾಯಿತು. ಆಮೇಲೆ ಮಹಾ ಸರೋವರಗಳಲ್ಲಿ ಏಲ್‌ವೈಫ್ ಎಂಬ ಸಣ್ಣ ಮೀನು ವಿಪರೀತ ಹೆಚ್ಚಿತು. ಸತ್ತ ಏಲ್‌ವೈಫ್‌ಗಳು ದಡದಲ್ಲಿ ರಾಶಿ ಬೀಳುತ್ತಿದ್ದವು. ಅದನ್ನು ತಿನ್ನುವ ದೊಡ್ಡ ಮೀನು ಬೇಕು ಎಂದು 1966ರಲ್ಲಿ ಮಿಷಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥ ಹೋವರ್ಡ್ ಟ್ಯಾನರ್ ಪೆಸಿಫಿಕ್ ಕರಾವಳಿಯ ಕೋಹೋ ಸಾಲ್ಮನ್ ಮರಿಗಳನ್ನು ತಂದು ಬಿಡಿಸಿದರು. ಅದು ಯಶಸ್ವಿಯಾಯಿತು. ನ್ಯೂಯಾರ್ಕ್ 1968ರಲ್ಲಿ ಅದೇ ದಾರಿ ಹಿಡಿಯಿತು. 1980ರಲ್ಲಿ ಆಲ್ಟ್‌ಮಾರ್‌ನಲ್ಲಿ ಸರ್ಕಾರಿ ಮೀನುಮರಿ ಕೇಂದ್ರ ಶುರುವಾಯಿತು. ಈಗ ಅಲ್ಲಿಂದ ಬಿಟ್ಟ ಮೀನುಗಳ ಜೊತೆಗೆ ನದಿಯಲ್ಲೇ ಹುಟ್ಟಿದವೂ ಸಾಕಷ್ಟಿವೆ.

ನಿಮಗೆ ಮುಖ್ಯವಾಗಿ ಸಿಗುವುದು ಮೂರು.

ಚಿನೂಕ್ ಎಲ್ಲಕ್ಕಿಂತ ದೊಡ್ಡದು. 15ರಿಂದ 25 ಪೌಂಡ್ ಇಲ್ಲಿ ಸಾಮಾನ್ಯ. ವಸಡು ಕಪ್ಪು. ಕೋಹೋ ಸ್ವಲ್ಪ ಚಿಕ್ಕದು, ವಸಡು ಬಿಳಿ. ಚಿಕ್ಕದು ಎಂದೆನಾದರೂ, 1989ರಲ್ಲಿ ಇದೇ ನದಿಯಲ್ಲಿ 33 ಪೌಂಡ್ 4 ಔನ್ಸಿನ ದಾಖಲೆ ಕೋಹೋ ಸಿಕ್ಕಿತ್ತು. ಈ ಎರಡೂ ನದಿಗೆ ಬಂದ ಮೇಲೆ ತಿನ್ನುವುದನ್ನು ನಿಲ್ಲಿಸುತ್ತವೆ, ಮೊಟ್ಟೆ ಇಡುತ್ತವೆ, ಸಾಯುತ್ತವೆ.

ಮೂರನೆಯದು ಸ್ಟೀಲ್‌ಹೆಡ್. ಇದು ಸಾಲ್ಮನ್ ಅಲ್ಲ, ದೊಡ್ಡ ನೀರಿಗೆ ಹೋಗಿ ಬೆಳೆದು ವಾಪಸ್ ಬರುವ ರೇನ್‌ಬೋ ಟ್ರೌಟ್. ಮೊಟ್ಟೆ ಇಟ್ಟ ಮೇಲೂ ಬದುಕಿ ಸರೋವರಕ್ಕೆ ಮರಳಬಲ್ಲದು, ಮತ್ತೆ ಬರಬಲ್ಲದು. ಇವತ್ತು ನೀವು ಬಿಟ್ಟ ಸ್ಟೀಲ್‌ಹೆಡ್ ಮುಂದಿನ ವರ್ಷ ಇನ್ನೂ ದೊಡ್ಡದಾಗಿ ಇದೇ ನದಿಗೆ ಬರಬಹುದು. ಅದಕ್ಕೇ ಇಲ್ಲಿಯ ಗೈಡ್‌ಗಳು ಸ್ಟೀಲ್‌ಹೆಡ್ ಅಂದರೆ ಅಷ್ಟು ಜೋಪಾನ ಮಾಡುತ್ತಾರೆ.

ಹೆಜ್ಜೆ 1: ತಿಂಗಳು ಆರಿಸಿ

ಹೆಚ್ಚಿನವರು ಮಾಡುವುದು ಹೀಗೆ: ಲಾಂಗ್ ವೀಕೆಂಡ್ ಯಾವಾಗ ಇದೆ ನೋಡುತ್ತಾರೆ, ಆಮೇಲೆ ಗೈಡ್‌ಗೆ ಫೋನ್ ಮಾಡುತ್ತಾರೆ. ಅದು ತಿರುಗಾಮುರುಗಾ. ಮೊದಲು ಯಾವ ಮೀನು, ಎಂಥ ದಿನ ಬೇಕು ಅಂತ ತೀರ್ಮಾನಿಸಿ. ರಜೆ ಆಮೇಲೆ ಹಾಕಿ.

ಆಗಸ್ಟ್ ಕೊನೆಗೆ, ರಾತ್ರಿ ತಂಪಾಗಿ ಒಂದು ಒಳ್ಳೆ ಮಳೆ ಬಿದ್ದರೆ, ಮೊದಲ ಚಿನೂಕ್‌ಗಳು ಬರುತ್ತವೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಭರಾಟೆ. ಮೀನೂ ಜಾಸ್ತಿ, ಜನವೂ ಜಾಸ್ತಿ. ಅಕ್ಟೋಬರ್ ಎರಡನೇ ಸೋಮವಾರದ ರಜೆ ಸುತ್ತಮುತ್ತ ದಡದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ದೊಡ್ಡ ಮೀನಿನ ಎಳೆತ ಹೇಗಿರುತ್ತದೆ ಅಂತ ಒಮ್ಮೆ ನೋಡಬೇಕು, ಮಕ್ಕಳಿಗೂ ತೋರಿಸಬೇಕು ಅನ್ನುವವರಿಗೆ ಅಕ್ಟೋಬರ್ ಮೊದಲ ವಾರ ಸರಿ, ಅದರಲ್ಲೂ ವಾರದ ನಡುವಿನ ದಿನ. ಆಗ ಮೀನುಮರಿ ಕೇಂದ್ರಕ್ಕೂ ಹೋಗಿ ಬನ್ನಿ. ಮೀನುಗಳು ಮೆಟ್ಟಿಲು ಮೆಟ್ಟಿಲಾಗಿ ಹಾರಿ ಮೇಲೆ ಬರುವುದನ್ನು ಹತ್ತಿರದಿಂದ ನೋಡಬಹುದು. ಮೊಟ್ಟೆ ತೆಗೆಯುವ ಕೆಲಸವೂ ಅಕ್ಟೋಬರ್‌ನಲ್ಲೇ ನಡೆಯುತ್ತದೆ.

ಅಕ್ಟೋಬರ್ ಕೊನೆಗೆ ಸಾಲ್ಮನ್ ಮೊಟ್ಟೆ ತಿನ್ನಲು ಸ್ಟೀಲ್‌ಹೆಡ್ ಹಿಂದೆಯೇ ಬರುತ್ತವೆ. ನವೆಂಬರ್ ನನಗೆ ಅತಿ ಇಷ್ಟವಾದ ತಿಂಗಳು. ಸರೋವರದಿಂದ ಆಗಷ್ಟೇ ಬಂದ ಮೀನು ಬೆಳ್ಳಗೆ ಹೊಳೆಯುತ್ತಿರುತ್ತದೆ, ಮೈಯಲ್ಲಿ ಕಸುವಿರುತ್ತದೆ, ಗಾಳಕ್ಕೆ ಬಿದ್ದ ಕೂಡಲೇ ನೀರಿನಿಂದ ಮೇಲೆ ಹಾರುತ್ತದೆ. ಜನವೂ ಕಡಿಮೆ. ಕಲಿಯಬೇಕು ಅಂತ ಮನಸ್ಸಿದ್ದರೆ ನವೆಂಬರ್ ಮೊದಲ ಎರಡು ವಾರಗಳಲ್ಲಿ ಒಂದು ದಿನ ಆರಿಸಿ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೀನು ಆಳದ ಮಡುಗಳಲ್ಲಿ ಕೂತಿರುತ್ತದೆ. ಪಕ್ಕದ ಟಗ್ ಹಿಲ್ ಪ್ರಸ್ಥಭೂಮಿಯಲ್ಲಿ ಸರೋವರದ ತೇವದಿಂದ ಹಿಮ ಅಡಿಗಟ್ಟಲೆ ಬೀಳುತ್ತದೆ. ಕೋಲಿನ ಉಂಗುರಗಳಲ್ಲೇ ಮಂಜುಗಡ್ಡೆ ಕಟ್ಟುತ್ತದೆ. ಹೊಸಬರಿಗೆ ಬೇಡ. ಮಾರ್ಚ್ ಮತ್ತು ಏಪ್ರಿಲ್ ಸ್ಟೀಲ್‌ಹೆಡ್ ಮೊಟ್ಟೆ ಇಡುವ ಕಾಲ. ಇಟ್ಟು ಮುಗಿಸಿ ಕೆಳಗೆ ಇಳಿಯುವ ಮೀನು ಹಸಿದಿರುತ್ತದೆ, ಚೆನ್ನಾಗಿ ಕಚ್ಚುತ್ತದೆ.

ಹೆಜ್ಜೆ 2: ಗೈಡ್ ಹುಡುಕಿ, ಸರಿಯಾದ ಪ್ರಶ್ನೆ ಕೇಳಿ

ನ್ಯೂಯಾರ್ಕ್‌ನಲ್ಲಿ ಹಣ ತೆಗೆದುಕೊಂಡು ಗೈಡ್ ಕೆಲಸ ಮಾಡಲು ರಾಜ್ಯದ ಪರಿಸರ ಇಲಾಖೆಯ ಲೈಸೆನ್ಸ್ ಬೇಕು. ಇದೆಯಾ ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ಗೈಡ್ ಆ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡು ಬಗೆಯ ಟ್ರಿಪ್ ಇರುತ್ತವೆ. ಡ್ರಿಫ್ಟ್ ಬೋಟ್ ಎಂದರೆ ಚಪ್ಪಟೆ ತಳದ ದೋಣಿ. ಗೈಡ್ ಹುಟ್ಟು ಹಾಕುತ್ತಾರೆ, ನೀವು ಮುಂದೆ ಕೂತು ಗಾಳ ಹಾಕುತ್ತೀರಿ. ಆಲ್ಟ್‌ಮಾರ್‌ನಲ್ಲಿ ಹತ್ತಿ ಪೈನ್‌ವಿಲ್ ದಾಟಿ ಪುಲಾಸ್ಕಿ ಕಡೆಗೆ ಇಳಿಯುವುದು ಮಾಮೂಲಿ ದಾರಿ. ಒಂದು ದಿನದಲ್ಲಿ ಬೇರೆ ಬೇರೆ ಜಾಗ ಸಿಗುತ್ತದೆ, ಜನಜಂಗುಳಿಯಿಂದ ಸ್ವಲ್ಪ ದೂರ ಇರಬಹುದು. ಮಂಡಿನೋವಿನ ಅಪ್ಪ ಜೊತೆಗಿದ್ದರೆ ದೋಣಿಯೇ ಸರಿ. ಇನ್ನೊಂದು ನೀರಿಗಿಳಿದು ನಡೆಯುವ ಟ್ರಿಪ್. ಕಾಲಿಗೆ ಕಷ್ಟ, ಕಲಿಕೆಗೆ ಒಳ್ಳೆಯದು. ಮುಂದೆ ಒಬ್ಬರೇ ಬರುವ ಆಸೆ ಇರುವವರು ಇದನ್ನೇ ಆರಿಸಲಿ, ಏಕೆಂದರೆ ಮುಂದಿನ ಸಲ ನಿಮ್ಮ ಹತ್ತಿರ ದೋಣಿ ಇರುವುದಿಲ್ಲ.

ಫೋನಿನಲ್ಲಿ ಕೇಳಬೇಕಾದ್ದು: ಒಂದು ದೋಣಿಗೆ ಎಷ್ಟು ಜನ? ಇಬ್ಬರು ಇದ್ದರೆ ಚೆನ್ನ, ಮೂವರಾದರೆ ಕೋಲುಗಳು ಸಿಕ್ಕಿಕೊಳ್ಳುವುದು ಹೆಚ್ಚು. ಕೋಲು, ರೀಲು, ಎರೆ, ವೇಡರ್ಸ್ (ನೀರಿಗಿಳಿಯಲು ಹಾಕುವ, ನೀರು ಒಳಬಾರದ ಉಡುಪು) ಎಲ್ಲ ಅವರೇ ಕೊಡುತ್ತಾರಾ? ಊಟ ಸೇರಿದೆಯಾ? ನೀರು ಏರಿದರೆ ಅಥವಾ ಹಿಮಗಾಳಿ ಬಂದರೆ ಮುಂಗಡ ವಾಪಸ್ಸಾ, ಅಥವಾ ಬೇರೆ ದಿನ ಕೊಡುತ್ತಾರಾ? ಮೀನು ಕ್ಲೀನ್ ಮಾಡಿ ಕೊಡುತ್ತಾರಾ?

ನಿಮ್ಮ ಕಡೆಯಿಂದ ಹೇಳಬೇಕಾದ್ದೂ ಇದೆ. ಹೊಸಬರಾದರೆ ಹೊಸಬರು ಅಂತಲೇ ಹೇಳಿ. ಈಜು ಬರದಿದ್ದರೆ ಅದನ್ನು ಮೊದಲೇ ತಿಳಿಸಿ. "ಮೀನು ಎಷ್ಟು ಸಿಗುತ್ತೆ" ಅನ್ನುವುದಕ್ಕಿಂತ "ನೀರು ನೋಡುವುದನ್ನು ಕಲಿಸಿ" ಅಂದರೆ ಅವರು ದಿನವನ್ನೇ ಬೇರೆ ಥರ ಯೋಜಿಸುತ್ತಾರೆ. ಇಷ್ಟು ಮೀನು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಅವರನ್ನು ಬಿಟ್ಟುಬಿಡಿ. ದಿನದ ಕೊನೆಗೆ ಶೇ. 15ರಿಂದ 20ರಷ್ಟು ಟಿಪ್ ಕೊಡುವುದು ವಾಡಿಕೆ. ಅದನ್ನೂ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಒಳ್ಳೆಯ ಗೈಡ್‌ಗಳ ಅಕ್ಟೋಬರ್ ದಿನಗಳು ಬೇಗ ತುಂಬಿಹೋಗುತ್ತವೆ, ಹಾಗಾಗಿ ಬೇಸಿಗೆಯಲ್ಲೇ ಮಾತಾಡಿ.

ಹೆಜ್ಜೆ 3: ಲೈಸೆನ್ಸ್

16 ವರ್ಷ ತುಂಬಿದ ಎಲ್ಲರಿಗೂ ಬೇಕು. ಒಂದು ದಿನದ್ದು, ಏಳು ದಿನದ್ದು, ವರ್ಷದ್ದು ಸಿಗುತ್ತದೆ. ಆನ್‌ಲೈನ್‌ನಲ್ಲೇ ಕೊಳ್ಳಬಹುದು. ಬೇರೆ ರಾಜ್ಯದವರಿಗೆ ದರ ಹೆಚ್ಚು. ಊರಿಂದ ಬಂದ ಅಪ್ಪನೋ ಮಾವನೋ "ನಾನೂ ಸ್ವಲ್ಪ ಹಿಡೀತೀನಿ" ಅಂತ ಕೋಲು ಕೈಗೆ ತೆಗೆದುಕೊಂಡರೂ ಅವರ ಹೆಸರಿನಲ್ಲಿ ಲೈಸೆನ್ಸ್ ಇರಬೇಕು. ಪ್ರವಾಸಿಗಳಿಗೂ ಸಿಗುತ್ತದೆ, ಒಂದು ದಿನದ್ದು ಸಾಕು.

ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಎಂಬ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ವಾರ ಇಲಾಖೆಯ ಜಾಲತಾಣದಲ್ಲಿ ಮಹಾ ಸರೋವರದ ಉಪನದಿಗಳ ಭಾಗ ಓದಿ. ಈ ನದಿಯಲ್ಲಿ ರಾತ್ರಿ ಗಾಳ ಹಾಕುವಂತಿಲ್ಲ. ಆಲ್ಟ್‌ಮಾರ್ ಹತ್ತಿರ ಫ್ಲೈ ಗಾಳಕ್ಕೆ (ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ ಗಾಳ) ಮಾತ್ರ ಮೀಸಲಾದ, ಹಿಡಿದ ಮೀನನ್ನೆಲ್ಲ ಬಿಡಲೇಬೇಕಾದ ಜಾಗಗಳಿವೆ.

ಹೆಜ್ಜೆ 4: ಕ್ಯೂಸೆಕ್ ನೋಡುವುದು

ಕೆಆರ್‌ಎಸ್ ಒಳಹರಿವು ಹೊರಹರಿವು ಓದಿ ಬೆಳೆದ ನಮಗೆ ಈ ಭಾಗ ಸುಲಭ. ಇಲ್ಲೂ ಲೆಕ್ಕ ಕ್ಯೂಸೆಕ್‌ನಲ್ಲೇ. ಮೇಲೆ ಒಂದು ಜಲಾಶಯ, ಅದರ ಕೆಳಗೆ ಬೆನೆಟ್ಸ್ ಬ್ರಿಡ್ಜ್ ಮತ್ತು ಲೈಟ್‌ಹೌಸ್ ಹಿಲ್ ವಿದ್ಯುತ್ ಕೇಂದ್ರಗಳು. ಅಲ್ಲಿಂದ ಬಿಟ್ಟಷ್ಟು ನೀರು ನದಿಗೆ ಬರುತ್ತದೆ. ಪೈನ್‌ವಿಲ್‌ನಲ್ಲಿ ಸರ್ಕಾರದ ಮಾಪನ ಕೇಂದ್ರವಿದೆ, ಅದರ ಅಂಕಿ ಯಾವಾಗ ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು.

ಕಾವೇರಿಯ ಸಾವಿರಾರು ಕ್ಯೂಸೆಕ್ ಕೇಳಿದ ಕಿವಿಗೆ 500 ಅಂದರೆ ಏನೂ ಅಲ್ಲ ಅನ್ನಿಸಬಹುದು. ಹಾಗೆ ತಿಳಿಯಬೇಡಿ. 500 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 14,000 ಲೀಟರ್. ನದಿ ಕಿರಿದು, ತಳದಲ್ಲಿ ಜಾರುವ ದುಂಡುಕಲ್ಲು. 350ರ ಆಸುಪಾಸಿನಲ್ಲಿ ನೀರು ತಿಳಿಯಾಗಿ ತೆಳುವಾಗಿರುತ್ತದೆ, ಮೀನು ಬೆದರುತ್ತದೆ. 500ರಿಂದ 800 ಹಿತವಾದ ಮಟ್ಟ: ಮೀನು ಓಡಾಡುತ್ತದೆ, ಮನುಷ್ಯನೂ ನಿಲ್ಲಬಹುದು. 1,000 ದಾಟಿದರೆ ಹೊಸಬರು ದಡದ ಅಂಚಿನಲ್ಲೇ ಇರಬೇಕು. 2,000 ಆದರೆ ಇಳಿಯುವ ಮಾತೇ ಬೇಡ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬೆಳಿಗ್ಗೆ ದಾಟಿದ ಜಾಗವನ್ನು ಮಧ್ಯಾಹ್ನ ದಾಟಲು ಆಗದೇ ಹೋಗಬಹುದು. ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಮುಳುಗುತ್ತಾ ಬಂದರೆ, ಮೀನು ಕಚ್ಚುತ್ತಿದ್ದರೂ ಸರಿ, ಹೊರಗೆ ಬನ್ನಿ.

ಹೆಜ್ಜೆ 5: ಮೈಮೇಲೆ ಏನಿರಬೇಕು

ಎದೆವರೆಗಿನ ವೇಡರ್ಸ್, ಅದರ ಮೇಲೆ ಸೊಂಟಕ್ಕೆ ಬಿಗಿಯಾಗಿ ಬೆಲ್ಟ್. ಬೆಲ್ಟ್ ಇಲ್ಲದೆ ಬಿದ್ದರೆ ವೇಡರ್ಸ್ ಒಳಗೆ ನೀರು ತುಂಬುತ್ತದೆ, ಮೇಲೇಳಲು ಆಗುವುದಿಲ್ಲ. ಬೂಟಿನ ಅಡಿಗೆ ಲೋಹದ ಮೊಳೆ ಇರಲೇಬೇಕು, ಇಲ್ಲಿಯ ಕಲ್ಲಿಗೆ ಬರೀ ರಬ್ಬರ್ ಹಿಡಿಯುವುದಿಲ್ಲ. ಹತ್ತಿ ಬಟ್ಟೆ, ಜೀನ್ಸ್ ಬೇಡ. ಒಮ್ಮೆ ಒದ್ದೆಯಾದರೆ ಚಳಿ ಬಿಡುವುದಿಲ್ಲ. ಉಣ್ಣೆ ಅಥವಾ ಸಿಂಥೆಟಿಕ್ ಪದರ ಪದರವಾಗಿ ಹಾಕಿ. ಪೋಲರೈಸ್ಡ್ ಕನ್ನಡಕ ಮರೆಯಬೇಡಿ. ನೀರಿನ ಮೇಲಿನ ಹೊಳಪು ಹೋಗಿ ತಳದ ಮೀನು ಕಾಣುತ್ತದೆ, ಹಾರಿ ಬರುವ ಗಾಳದಿಂದ ಕಣ್ಣಿಗೂ ರಕ್ಷಣೆ.

ಹೆಜ್ಜೆ 6: ಬೆಳಕು ಹರಿಯುವ ಮುನ್ನ ಶುರು

ಗೈಡ್ ಹೇಳುವ ಸಮಯ ಕೇಳಿ ಗಾಬರಿಯಾಗಬೇಡಿ, ಬೆಳಗಿನ ಜಾವ ನಾಲ್ಕೂವರೆ, ಐದು ಮಾಮೂಲಿ. ಒಳ್ಳೆಯ ಜಾಗ ಮೊದಲು ಬಂದವರಿಗೆ. ಕತ್ತಲಲ್ಲಿ ಹೋಗಿ ನಿಂತು, ಕಾನೂನಿನ ಹೊತ್ತು ಆಗುವವರೆಗೆ ಕಾಯುತ್ತಾರೆ.

ಸ್ಟೀಲ್‌ಹೆಡ್‌ಗೆ ಬಹಳ ಕಡೆ ಬಳಸುವುದು ಬೆಂಡು ಕಟ್ಟಿದ ಗಾಳ. ಕೆಳಗೆ ಬಟಾಣಿಗಿಂತ ಸ್ವಲ್ಪ ದೊಡ್ಡದಾದ, ಬಲೆಬಟ್ಟೆಯಲ್ಲಿ ಕಟ್ಟಿದ ಮೀನಿನ ಮೊಟ್ಟೆಯ ಗಂಟು, ಇಲ್ಲವೇ ಮೊಟ್ಟೆಯಂಥ ಪ್ಲಾಸ್ಟಿಕ್ ಮಣಿ. ಕೊನೆಯ ದಾರ 6ರಿಂದ 8 ಪೌಂಡ್ ಬಲದ್ದು. ಚಿನೂಕ್‌ಗೆ ಅದು 12 ಅಥವಾ 15. ಹಳಬರು ಬ್ರೇಕ್ ಇಲ್ಲದ ಸೆಂಟರ್‌ಪಿನ್ ರೀಲ್ ಬಳಸುವುದು ಕಾಣುತ್ತದೆ. ನಿಮಗೆ ಸ್ಪಿನ್ನಿಂಗ್ ರೀಲ್ ಸಾಕು.

ಇಡೀ ದಿನ ಗಮನ ಕೊಡಬೇಕಾದ್ದು ಒಂದೇ ವಿಷಯ: ಎರೆ ನೀರಿನ ಜೊತೆ ಸಹಜವಾಗಿ ಹೋಗುತ್ತಿದೆಯಾ? ಮೇಲಿನ ನೀರು ವೇಗ, ತಳದ ನೀರು ನಿಧಾನ. ಮೀನು ಇರುವುದು ತಳದಲ್ಲಿ. ಮೇಲಿನ ಸೆಳವು ನಿಮ್ಮ ದಾರವನ್ನು ಎಳೆದರೆ ಎರೆ ಓಡುತ್ತದೆ, ಓಡುವ ಮೊಟ್ಟೆಯನ್ನು ಯಾವ ಮೀನೂ ನಂಬುವುದಿಲ್ಲ. ಅದಕ್ಕೆ ಕೋಲು ಎತ್ತಿ ಹಿಡಿದು ದಾರವನ್ನು ನೀರಿನಿಂದ ಮೇಲಿಡಬೇಕು, ಆಗಾಗ ದಾರವನ್ನು ಮೇಲ್ಹರಿವಿನ ಕಡೆಗೆ ಎಸೆದು ಸಡಿಲ ಕೊಡಬೇಕು. ಗಾಳ ಆಗೊಮ್ಮೆ ಈಗೊಮ್ಮೆ ತಳ ತಾಕಿ ಬೆಂಡು ಅಲುಗಿದರೆ ಆಳ ಸರಿಯಿದೆ. ಒಮ್ಮೆಯೂ ಅಲುಗದಿದ್ದರೆ ಗಾಳ ಇನ್ನೂ ಕೆಳಗೆ ಬೇಕು.

ಎಲ್ಲಿ ಹಾಕಬೇಕು? ಬಿರುಸು ನೀರೂ ಮಂದ ನೀರೂ ಪಕ್ಕಪಕ್ಕ ಹರಿಯುವ ಕಡೆ ನಡುವೆ ಒಂದು ಗೆರೆ ಕಾಣುತ್ತದೆ. ಮೀನು ಮಂದ ನೀರಲ್ಲಿ ದಣಿವಿಲ್ಲದೆ ನಿಂತು, ಬಿರುಸು ನೀರು ತರುವ ಆಹಾರ ಹಿಡಿಯುತ್ತದೆ. ಬಂಡೆಯ ಹಿಂದೆ, ಮಡುವಿನ ಬಾಯಲ್ಲಿ, ಮಡು ಮುಗಿದು ನೀರು ತೆಳುವಾಗುವ ಬಾಲದಲ್ಲಿ ಕೂಡ ಇರುತ್ತದೆ. ಪ್ರತಿ ಜಾಗದಲ್ಲೂ ಗೈಡ್‌ಗೆ "ಇಲ್ಲೇ ಯಾಕೆ?" ಅಂತ ಕೇಳಿ. ನೀವು ಕೊಟ್ಟ ದುಡ್ಡಿನ ನಿಜವಾದ ಬೆಲೆ ಆ ಉತ್ತರಗಳಲ್ಲಿದೆ.

ಸಾಲ್ಮನ್ ವಿಷಯ ಬೇರೆ. ಅದು ತಿನ್ನಲು ಕಚ್ಚುವುದಿಲ್ಲ. ರೇಗಿ, ಇಲ್ಲವೇ ಹಳೇ ಅಭ್ಯಾಸಕ್ಕೆ ಕಚ್ಚುತ್ತದೆ. ಅದಕ್ಕೇ ಕೆಲವರು ದಾರವನ್ನು ಮೀನಿನ ಮೈಮೇಲೆ ಎಳೆದು ಗಾಳ ಚುಚ್ಚಿಸುತ್ತಾರೆ. ಒಂದು ಕಾಲದಲ್ಲಿ ಇಲ್ಲಿ ಅದಕ್ಕೆ ಅನುಮತಿ ಇತ್ತು, 1990ರ ದಶಕದಲ್ಲಿ ನಿಷೇಧ ಬಂತು. ಬಾಯಿ ಬಿಟ್ಟು ಬೇರೆ ಕಡೆ ಚುಚ್ಚಿದ ಮೀನನ್ನು ಬಿಡಲೇಬೇಕು. ಪಕ್ಕದವರು ಏನೇ ಮಾಡಲಿ, ನೀವು ಬಿಡಿ.

ಹೆಜ್ಜೆ 7: ಕಚ್ಚಿತು, ಈಗೇನು?

ಬೆಂಡು ಮುಳುಗಿದ ತಕ್ಷಣ ಕೋಲನ್ನು ಕೆಳಹರಿವಿನ ಕಡೆಗೆ ಬೀಸಿ ಎತ್ತಿ. ಮೀನು ಓಡುವಾಗ ರೀಲಿನ ಹಿಡಿ ಮುಟ್ಟಬೇಡಿ. ಓಡಲಿ. ನಿಂತಾಗ ಸುತ್ತಿ. ಹಾರಿದಾಗ ಕೋಲು ಸ್ವಲ್ಪ ಬಗ್ಗಿಸಿ ದಾರ ಸಡಿಲ ಬಿಡಿ. "ಫಿಶ್ ಆನ್!" ಅಂತ ಕೂಗಿ. ಅಕ್ಕಪಕ್ಕದವರು ತಮ್ಮ ದಾರ ಎಳೆದುಕೊಂಡು ದಾರಿ ಬಿಡುತ್ತಾರೆ. ಬೇರೆಯವರು ಕೂಗಿದಾಗ ನೀವೂ ಹಾಗೇ ಮಾಡಬೇಕು. ಹೊಸ ಜಾಗಕ್ಕೆ ಇಳಿಯುವ ಮೊದಲು ಅಲ್ಲಿರುವವರನ್ನು ಒಂದು ಮಾತು ಕೇಳಿ, ಯಾರೂ ಬೇಡ ಅನ್ನುವುದಿಲ್ಲ.

ಬಿಡುವ ಮೀನಾದರೆ ರಬ್ಬರ್ ಬಲೆಯಲ್ಲೇ, ನೀರಿನಲ್ಲೇ ಇರಲಿ. ಕೈ ಒದ್ದೆ ಮಾಡಿ ಮುಟ್ಟಿ, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಪದರ ಹೋಗುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ, ಹೊಟ್ಟೆ ಹಿಚುಕಬೇಡಿ, ಕಲ್ಲಿನ ಮೇಲೆ ಎಳೆಯಬೇಡಿ. ಫೋಟೋಗೆ ಮೊದಲು ಕ್ಯಾಮೆರಾ ಸಿದ್ಧವಾಗಲಿ, ಆಮೇಲೆ ಮೀನು ಎತ್ತಿ, ಎರಡು ಸೆಕೆಂಡ್, ಮತ್ತೆ ನೀರಿಗೆ. ಬಾಲದ ಬುಡ ಹಿಡಿದು ಮುಖವನ್ನು ಹರಿವಿಗೆ ಎದುರಾಗಿ ಇಟ್ಟರೆ ಅದೇ ಉಸಿರಾಡಿಕೊಂಡು ಕೈಯಿಂದ ಬಿಡಿಸಿಕೊಂಡು ಹೋಗುತ್ತದೆ. ಭೀಮೇಶ್ವರಿ, ಗಲಿಬೋರೆಯಲ್ಲಿ ಕಾವೇರಿಯ ಮಹಶೀರ್ ಹಿಡಿದು ಬಿಡುತ್ತಿದ್ದ ದಿನಗಳನ್ನು ಕಂಡವರಿಗೆ ಈ ಜೋಪಾನ ಹೊಸದಲ್ಲ.

ವಸಂತದಲ್ಲಿ ಹೋದರೆ, ತಳದ ಜಲ್ಲಿಯಲ್ಲಿ ತೊಳೆದಂತೆ ಬೆಳ್ಳಗೆ ಕಾಣುವ ತಟ್ಟೆಯಾಕಾರದ ಜಾಗಗಳನ್ನು ತುಳಿಯಬೇಡಿ. ಅವು ಮೊಟ್ಟೆಯ ಗೂಡುಗಳು.

ಹೆಜ್ಜೆ 8: ಮನೆಗೆ ತರುವುದಾದರೆ

ಕಪ್ಪಾದ, ಮೈಮೇಲೆ ಬಿಳಿ ಬೂಸಲು ಬಂದ ಸಾಲ್ಮನ್ ತರಬೇಡಿ, ಮಾಂಸ ಮೆತ್ತಗಾಗಿ ರುಚಿ ಕೆಟ್ಟಿರುತ್ತದೆ. ಹೊಳೆಯುವ ಹೊಸ ಮೀನು ಒಂದು ಸಾಕು. ಕೂಡಲೇ ರಕ್ತ ಇಳಿಸಿ ಐಸ್‌ನಲ್ಲಿಡಿ.

ಈಗ ನಮ್ಮ ಅಡುಗೆಮನೆಗೆ ಸಂಬಂಧಿಸಿದ ಮುಖ್ಯ ಮಾತು. ಒಂಟಾರಿಯೋ ಸರೋವರದ ಮೀನಿನ ಕೊಬ್ಬಿನಲ್ಲಿ ಪಿಸಿಬಿ, ಮಿರೆಕ್ಸ್‌ನಂಥ ಹಳೇ ಕೈಗಾರಿಕಾ ವಿಷಗಳು ಸೇರಿಕೊಂಡಿವೆ. ಎಷ್ಟು ತಿನ್ನಬಹುದು ಅಂತ ರಾಜ್ಯದ ಆರೋಗ್ಯ ಇಲಾಖೆ ಸಲಹೆ ಕೊಡುತ್ತದೆ. ಮಕ್ಕಳಿಗೂ, ಮಕ್ಕಳಾಗುವ ವಯಸ್ಸಿನ ಹೆಂಗಸರಿಗೂ ಅದು ಬಹಳ ಬಿಗಿ. ಅಡುಗೆಗೆ ಮುಂಚೆ ಅದನ್ನು ಓದಿ. ನಾವು ತಲೆ, ಚರ್ಮ, ಕೊಬ್ಬು ಎಲ್ಲ ಹಾಕಿ ಸಾರು ಮಾಡುವವರು. ಈ ಮೀನಿಗೆ ಅದು ಬೇಡ. ಸಾರಿನಲ್ಲಿ ಕೊಬ್ಬು ಅಲ್ಲೇ ಉಳಿಯುತ್ತದೆ. ಚರ್ಮ ತೆಗೆಯಿರಿ, ಹೊಟ್ಟೆಯ ಕೊಬ್ಬು, ಬೆನ್ನಿನ ಕೊಬ್ಬು, ಪಕ್ಕದ ಕಂದು ಪಟ್ಟಿ ಕತ್ತರಿಸಿ ಎಸೆಯಿರಿ. ಉಳಿದ ತುಂಡಿಗೆ ಮೆಣಸಿನ ಪುಡಿ, ಅರಿಶಿನ, ಹುಣಸೆರಸ ಸವರಿ ಜಾಲರಿಯ ಮೇಲಿಟ್ಟು ಓವನ್‌ನಲ್ಲೋ ಗ್ರಿಲ್‌ನಲ್ಲೋ ಬೇಯಿಸಿ. ಕೊಬ್ಬು ಕೆಳಗೆ ಇಳಿದುಹೋಗುತ್ತದೆ.

ಮುಂದಿನ ಸಲ ಒಬ್ಬರೇ

ದಿನ ಮುಗಿಯುವ ಮುನ್ನ ಗೈಡ್ ಹತ್ತಿರ ಒಂದು ಕೇಳಿ: ಹೊಸಬರು ಕ್ಷೇಮವಾಗಿ ನಿಲ್ಲಬಹುದಾದ ಎರಡು ಸಾರ್ವಜನಿಕ ಜಾಗ ತೋರಿಸಿ. ನದಿಯ ಉದ್ದಕ್ಕೂ ಸುಮಾರು 12 ಮೈಲಿ ದಡ ಸಾರ್ವಜನಿಕರ ಗಾಳಕ್ಕೆ ತೆರೆದಿದೆ, ಪಾರ್ಕಿಂಗ್ ಜಾಗಗಳೂ ಇವೆ. ಸರೋವರಕ್ಕೆ ಹತ್ತಿರದ ಡಗ್ಲಾಸ್ಟನ್ ಭಾಗ ಮಾತ್ರ ಖಾಸಗಿ, ದಿನದ ಪಾಸ್ ಕೊಂಡು ಹೋಗಬೇಕು. ಹೊಸದಾಗಿ ಬಂದ ಮೀನು ಮೊದಲು ಸಿಗುವುದು ಅಲ್ಲೇ. ಅವತ್ತಿನ ಕ್ಯೂಸೆಕ್, ನೀರಿನ ಬಣ್ಣ, ಯಾವ ಎರೆಗೆ ಎಲ್ಲಿ ಕಚ್ಚಿತು ಅನ್ನುವುದನ್ನು ಅಂದೇ ಬರೆದಿಟ್ಟುಕೊಳ್ಳಿ. ಅದೇ ಮಟ್ಟದ ನೀರು ಮತ್ತೆ ಬಂದ ದಿನ, ಜೊತೆಗೊಬ್ಬರನ್ನು ಕರೆದುಕೊಂಡು, ಆ ಎರಡು ಜಾಗಗಳಲ್ಲಿ ಒಂದಕ್ಕೆ ಹೋಗಿ.